ಬೇಸ್ ಸ್ಟೇಷನ್ ರೇಡಿಯೊ: ಮೊದಲು ತಾರಸಿ ಹತ್ತಿ ನೋಡಿ

ಮನೆಗೆ ಬೇಸ್ ಸ್ಟೇಷನ್ ರೇಡಿಯೊ ತರಬೇಕು ಅಂತಿದ್ದೀರಾ? ಸೆಟ್ ಹುಡುಕೋ ಮೊದಲು ತಾರಸಿ ಹತ್ತಿ. ಜಾಗ ಎಷ್ಟಿದೆ ನೋಡಿ.

ಊರೊಳಗಿನ ಗೆಳೆಯರ ಜೊತೆ ಮಾತಾಡೋಕೆ 144ರಿಂದ 146 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಸೆಟ್ ಸಾಕು. ಆಂಟೆನಾ ಚಿಕ್ಕದು, ಎತ್ತರದಲ್ಲಿ ಇದ್ದರಾಯಿತು.

ದೂರದ ದೇಶದ ದನಿ ಕೇಳಬೇಕಾ? ಹಾಗಾದರೆ ಎಚ್‌ಎಫ್. 7.1 ಮೆಗಾಹರ್ಟ್ಸ್‌ನ ಅರ್ಧ ತರಂಗದ ಡೈಪೋಲ್‌ಗೆ ಸುಮಾರು 20 ಮೀಟರ್ ತಂತಿ ಬೇಕು. ಬೆಂಗಳೂರಿನ 30-40 ಅಡಿ ಸೈಟಿನಲ್ಲಿ ಅದನ್ನು ನೇರವಾಗಿ ಎಳೆಯೋಕೆ ಆಗಲ್ಲ. ನಡುವೆ ಒಂದು ಕಂಬ ನಿಲ್ಲಿಸಿ, ಎರಡೂ ತುದಿಗಳನ್ನು ಮೂಲೆಯಿಂದ ಮೂಲೆಗೆ ಇಳಿಜಾರಾಗಿ ಕಟ್ಟಿ. ಚೆನ್ನಾಗಿಯೇ ಕೆಲಸ ಮಾಡುತ್ತೆ.

100 ವ್ಯಾಟ್‌ನ ಸೆಟ್ ಮಾತಾಡುವಾಗ 13.8 ವೋಲ್ಟ್‌ನಲ್ಲಿ 20 ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತೆ. ಅದನ್ನು ತಡೆಯೋ ಪವರ್ ಸಪ್ಲೈ ಬೇಕೇ ಬೇಕು.

ದುಡ್ಡು ಕಡಿಮೆ ಇದ್ದರೆ ನನ್ನ ಮಾತು ಕೇಳಿ: ಸೆಟ್ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆಂಟೆನಾ ಮತ್ತು ಕೇಬಲ್‌ನಲ್ಲಿ ಮಾತ್ರ ಜಿಪುಣತನ ಬೇಡ.

ಇನ್ನು ಲೈಸೆನ್ಸ್ ವಿಚಾರ. 27 ಮೆಗಾಹರ್ಟ್ಸ್‌ನ ಸಿಬಿಗೆ (ಸಿಟಿಜನ್ ಬ್ಯಾಂಡ್) ನಮ್ಮಲ್ಲಿ 5 ವ್ಯಾಟ್ ಮಿತಿಯೊಳಗೆ ಲೈಸೆನ್ಸ್ ಬೇಡ. ಮೇಲೆ ಹೇಳಿದ ವಿಎಚ್‌ಎಫ್, ಎಚ್‌ಎಫ್ ಎರಡೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ; ಅದಕ್ಕೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಮೇಲೇ ಮೈಕ್ ಹಿಡಿಯಬೇಕು.

ಇನ್ನೊಂದು ವಿಷಯ. ಗುಡುಗು ಕೇಳುವವರೆಗೆ ಕಾಯಬೇಡಿ, ಮೋಡ ಕವಿಯುತ್ತಿದ್ದಂತೆ ಆಂಟೆನಾ ಕೇಬಲ್ ಕಳಚಿಬಿಡಿ.