ಟೋಕನ್ ಯಾರ ಡ್ರಾಯರ್‌ನಲ್ಲಿದೆ?

ನಿಡೋಣಿಯಲ್ಲಿ ಒಂದು ಒಣದ್ರಾಕ್ಷಿ ವ್ಯಾಪಾರದ ಕಂಪನಿ ಇದೆ ಅಂತ ಇಟ್ಟುಕೊಳ್ಳಿ. ಗೋದಾಮಿನ ಬಾಡಿಗೆ ತಿಂಗಳಿಗೆ 60,000 ರೂಪಾಯಿ. ಗೋದಾಮಿನ ಮಾಲೀಕರ ಕೈಗೆ ಹೋಗೋದು 54,000. ಉಳಿದ ಶೇ. 10, ಅಂದರೆ 6,000 ರೂಪಾಯಿ, ಟಿಡಿಎಸ್. ಅದು ಕಂಪನಿಯ ದುಡ್ಡಲ್ಲ, ಮಾಲೀಕರ ತೆರಿಗೆ. ಅದನ್ನ ಸರ್ಕಾರಕ್ಕೆ ಕಟ್ಟಿದರೆ ಸಾಲದು. ಯಾರ ಪ್ಯಾನ್‌ಗೆ ಎಷ್ಟು ಹಿಡಿದೆವು ಅನ್ನೋ ಲೆಕ್ಕವನ್ನ ಮೂರು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಆಗಲೇ ಅದು ಅವರ ಹೆಸರಿಗೆ ಜಮಾ ಅಂತ ಕಾಣೋದು.

ಆ ಲೆಕ್ಕಕ್ಕೆ ಹಾಕೋದೇ ಡಿಜಿಟಲ್ ಸಹಿ. ಇದು ಸ್ಕ್ಯಾನ್ ಮಾಡಿದ ಸಹಿಯ ಫೋಟೋ ಅಲ್ಲ. ಪೆನ್‌ಡ್ರೈವ್‌ನಂಥ ಟೋಕನ್ ಒಳಗೆ ನಿಮ್ಮದೇ ಒಂದು ಗುಪ್ತ ಕೀಲಿ ಇರುತ್ತೆ. ಸಾಫ್ಟ್‌ವೇರ್ ಇಡೀ ಫೈಲನ್ನ ಒಂದು ಸಂಕೇತವಾಗಿ ಹಿಂಡುತ್ತೆ, ಟೋಕನ್ ಅದಕ್ಕೆ ಆ ಕೀಲಿಯಿಂದ ಮುದ್ರೆ ಒತ್ತುತ್ತೆ. ಕಾಗದದ ಮೇಲೆ 6,000ದ ಹಿಂದೆ ಒಂದು ಅಂಕಿ ತುರುಕಿದರೂ ಕೆಳಗಿನ ಸಹಿ ಹಾಗೇ ಇರುತ್ತೆ. ಇಲ್ಲಿ ಒಂದಂಕಿ ಬದಲಾದರೂ ಮುದ್ರೆ ತಾಳೆಯಾಗಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಶಾಯಿ ಸಹಿಯಷ್ಟೇ ಬೆಲೆ ಕೊಟ್ಟಿದೆ.

ಈಗ ಪ್ರಶ್ನೆ. ನಿಮ್ಮ ಟೋಕನ್ ಎಲ್ಲಿದೆ? 'ನಮಗ ಕಂಪ್ಯೂಟರ್ ತಿಳಿಯೂದಿಲ್ರಿ, ನೀವ ಇಟ್ಕೋರಿ' ಅಂತ ಲೆಕ್ಕ ಬರೆಯೋರ ಕೈಗೆ ಕೊಟ್ಟಿದ್ದೀರಾ? ಪಿನ್ ಕೂಡ ಚೀಟಿ ಬರೆದು ಅಂಟಿಸಿದ್ದೀರಾ? ಸಹಿ ಮಾಡಿದ ಖಾಲಿ ಚೆಕ್‌ಬುಕ್ ಕೊಟ್ಟಂತಾಯ್ತು. ಅದೇ ಟೋಕನ್‌ನಿಂದ ಜಿಎಸ್‌ಟಿ ರಿಟರ್ನ್‌ಗೂ ಸಹಿ ಬೀಳುತ್ತೆ, ಟೆಂಡರ್‌ಗೂ ಬೀಳುತ್ತೆ. ಗುಪ್ತ ಕೀಲಿಯನ್ನ ಜೋಪಾನ ಮಾಡೋದು ಸಹಿಯ ಒಡೆಯನ ಹೊಣೆ ಅಂತ ಅದೇ ಕಾಯ್ದೆಯ 42ನೇ ಕಲಂ ಹೇಳುತ್ತೆ. ಕೈತಪ್ಪಿದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು.

ಪ್ರಮಾಣಪತ್ರದ ಆಯಸ್ಸು ಹೆಚ್ಚೆಂದರೆ 3 ವರ್ಷ. ಕೊನೇ ದಿನ ಅವಧಿ ಮುಗಿದಿದ್ದು ಗೊತ್ತಾದರೆ ಒಟಿಪಿ ಥರದ ಇವಿಸಿ ದಾರಿಯೂ ಇದೆ, ಗಾಬರಿ ಬೇಡ. ಆದರೆ ಲೆಕ್ಕ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮೂರು ತಿಂಗಳ ತೆರಿಗೆ 18,000 ಆದರೆ, 90 ದಿನ ತಡವಾದರೆ ಶುಲ್ಕವೂ 18,000! ಅದಕ್ಕಿಂತ ಮೇಲೆ ಏರಲ್ಲ, ಅಷ್ಟೇ ಸಮಾಧಾನ.

ಇನ್ನೊಂದು ಮಾತು. ಮಾಲೀಕರ ಪ್ಯಾನ್ ತಪ್ಪಾಗಿ ಟೈಪ್ ಆಗಿದ್ದರೂ ಸಹಿ ಸರಿಯಾಗೇ ತಾಳೆಯಾಗುತ್ತೆ. ಸಹಿ ಯಾರದು ಅಂತ ಯಂತ್ರ ಹೇಳುತ್ತೆ, ಲೆಕ್ಕ ಸರಿಯಾ ಅಂತ ಹೇಳಲ್ಲ. ಪಿನ್ ಒತ್ತೋ ಮುಂಚೆ ಪ್ಯಾನ್, ಮೊತ್ತ ಎರಡನ್ನೂ ನೀವೇ ಓದಿ. ಐದು ನಿಮಿಷದ ಕೆಲಸ. ಓದದಿದ್ದರೆ, ನಿಮ್ಮನ್ನ ನಂಬಿ 6,000 ಬಿಟ್ಟುಕೊಟ್ಟವರು ತಮ್ಮದೇ ದುಡ್ಡಿಗೆ ಅಲೆಯಬೇಕಾಗುತ್ತೆ.