ಕಡಲೆಯಷ್ಟು ಗಂಟನ್ನು ಅರಸುವ ಬಗೆ

ರಕ್ತದಲ್ಲಿ ಸಕ್ಕರೆ ಹೆಚ್ಚಿ ಬಾಧಿಸುವ ಮಧುಮೇಹವನ್ನು ಅರಿಯದ ಮನೆ ಈಗ ಇಲ್ಲವೆನ್ನಬಹುದು. ಅದೇ ಸಕ್ಕರೆ ತೀರ ಕುಗ್ಗಿ ಬಾಧಿಸುವ ರೋಗವೊಂದುಂಟು. ಅದನ್ನು ಬಲ್ಲವರು ವಿರಳ. ಜಠರದ ಹಿಂದೆ ಅಡಗಿರುವ ಮೇದೋಜೀರಕಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಜೀವಕಣಗಳ ಪುಟ್ಟ ದ್ವೀಪಗಳಿರುವುವು. ಇವನ್ನು 1869ರಲ್ಲಿ ಮೊದಲು ವರ್ಣಿಸಿದವನು ಬರ್ಲಿನ್ನಿನ ವಿದ್ಯಾರ್ಥಿ ಲ್ಯಾಂಗರ್‌ಹಾನ್ಸ್. 10 ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಈ ಕಣಗಳು ಗಂಟಾಗಿ ಬೆಳೆದು, ಉಪವಾಸವೆಂಬುದನ್ನೂ ಲೆಕ್ಕಿಸದೆ ಇನ್ಸುಲಿನ್ನನ್ನು ಸುರಿಯತೊಡಗುವುವು.

ಅಂಥವನು ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಬೆವರುವನು, ನಡುಗುವನು, ಅಸಂಬದ್ಧವಾಗಿ ನುಡಿಯುವನು, ಮೂರ್ಛೆಯೂ ಹೋಗುವನು. ಅಪಸ್ಮಾರವೆಂದೋ ಚಿತ್ತಭ್ರಮೆಯೆಂದೋ ಗ್ರಹಬಾಧೆಯೆಂದೋ ವರ್ಷಗಟ್ಟಲೆ ಅಲೆದವರುಂಟು. ಒಂದಿಷ್ಟು ಸಕ್ಕರೆಯ ನೀರು ಕುಡಿಸಿದರೆ ಚೇತರಿಸಿಕೊಳ್ಳುವನೆಂಬುದನ್ನು ಮನೆಯ ಹೆಂಗಸರೇ ಎಷ್ಟೋ ವೇಳೆ ಮೊದಲು ಕಂಡುಕೊಳ್ಳುವರು. ವೈದ್ಯರು ರೋಗಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, 72 ಗಂಟೆಗಳವರೆಗೆ ಉಪವಾಸ ಮಾಡಿಸಿ, ರಕ್ತದ ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಅಳೆದು ರೋಗವನ್ನು ನಿಶ್ಚಯಿಸುವರು. ಚಿತ್ರ ತೆಗೆಯುವುದು ಆ ಬಳಿಕ.

1929ರಲ್ಲಿ ಟೊರಾಂಟೋ ನಗರದ ಶಸ್ತ್ರವೈದ್ಯ ರಾಸ್ಕೋ ಗ್ರಹಾಮ್ ಇಂಥ ಗಂಟನ್ನು ತೆಗೆದು ರೋಗಿಯನ್ನು ಗುಣಪಡಿಸಿದನು. ಆದರೆ ಎಲ್ಲರಿಗೂ ಆ ಭಾಗ್ಯವೆಲ್ಲಿ? ಗಂಟು ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಚಿಕ್ಕದು. ಗ್ರಂಥಿಯ ತಲೆ, ನಡು, ಬಾಲ ಎಲ್ಲಿಯಾದರೂ ಇದ್ದೀತು. ಕೈಗೆ ಸಿಕ್ಕದಿದ್ದರೆ ಹಿಂದಿನವರು ಊಹೆಯ ಮೇಲೆ ಬಾಲದ ಕಡೆಯನ್ನು ಕತ್ತರಿಸುತ್ತಿದ್ದರು. ಗಂಟು ತಲೆಯಲ್ಲಿಯೇ ಉಳಿದುಬಿಟ್ಟರೆ ರೋಗವೂ ಉಳಿಯಿತು. ಗ್ರಂಥಿಯ ಬಹುಭಾಗ ಹೋದರೆ ಮಧುಮೇಹವೂ ಬಂದೀತು!

ಈಗ ಮೊದಲು ತೆಗೆಯುವುದು ಸಿ.ಟಿ. ಚಿತ್ರ. ಗಂಟಿನಲ್ಲಿ ರಕ್ತನಾಳಗಳು ಹೇರಳವಾದುದರಿಂದ, ನರಕ್ಕೆ ಚುಚ್ಚಿದ ಔಷಧವು ಅಪಧಮನಿಗಳಲ್ಲಿ ತುಂಬಿರುವ ಆ ಕೆಲವು ಕ್ಷಣಗಳಲ್ಲಿ ಅದು ಸುತ್ತಲಿನದಕ್ಕಿಂತ ಬೆಳ್ಳಗೆ ತೋರುವುದು. ಸಮಯ ತಪ್ಪಿದರೆ ಮರೆಯಾಗುವುದು. ಕ್ಷ-ಕಿರಣವಿಲ್ಲದ ಎಂ.ಆರ್.ಐ. ಕೂಡ ನೆರವಾಗುವುದು. ಬಾಯಿಯ ಮೂಲಕ ಜಠರಕ್ಕೆ ನಳಿಗೆಯನ್ನಿಳಿಸಿ, ಗ್ರಂಥಿಯ ಪಕ್ಕದಿಂದಲೇ ಶಬ್ದತರಂಗಗಳನ್ನು ಕಳುಹಿಸಿ ನೋಡುವ ಕ್ರಮವು ಇನ್ನೂ ಸೂಕ್ಷ್ಮ. ಆದರೂ ಬಾಲದ ತುದಿ ಅದಕ್ಕೆ ಕೊಂಚ ದೂರ.

ಅಷ್ಟಾದರೂ ಸಿಕ್ಕದ ಗಂಟಿಗೆ ಒದಗಿರುವ ಉಪಾಯ ವಿಚಿತ್ರವಾದುದು. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಎಂಬ ವಿಷದ ಹಲ್ಲಿಯಿದೆ. ಅದರ ವಿಷದಲ್ಲಿ ದೊರೆತ ಎಕ್ಸೆಂಡಿನ್ ಎಂಬ ವಸ್ತುವು ಇಂಥ ಗಂಟುಗಳ ಕಣಗಳನ್ನೇ ಹುಡುಕಿ ಅಂಟಿಕೊಳ್ಳುವುದು. ಕೃತಕವಾಗಿ ತಯಾರಿಸಿದ ಅದಕ್ಕೆ ಕಿರಣ ಸೂಸುವ ಗ್ಯಾಲಿಯಂ-68ನ್ನು ಜೋಡಿಸಿ ಚುಚ್ಚಿದರೆ, ಪೆಟ್ ಯಂತ್ರದ ಚಿತ್ರದಲ್ಲಿ ಗಂಟು ಚುಕ್ಕೆಯಾಗಿ ಹೊಳೆಯುವುದು. ಆ ಗ್ಯಾಲಿಯಂ 68 ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದಾದ್ದರಿಂದ ಕೆಲಸ ಬೇಗನೆ ಮುಗಿಯಬೇಕು. ಈ ಔಷಧವೇ ಇನ್ಸುಲಿನ್ನನ್ನು ಕೆರಳಿಸಬಹುದಾದುದರಿಂದ ಗ್ಲೂಕೋಸನ್ನು ಪಕ್ಕದಲ್ಲಿಯೇ ಇರಿಸಿಕೊಂಡಿರುವರು.

ಶಸ್ತ್ರಕ್ರಿಯೆಯ ಮೇಜಿನ ಮೇಲೂ ಶಬ್ದತರಂಗದ ಯಂತ್ರವನ್ನು ಗ್ರಂಥಿಯ ಮೇಲೆಯೇ ಇರಿಸಿ ಮತ್ತೊಮ್ಮೆ ನೋಡುವರು. ಗಂಟಿನ ನೆಲೆ ಖಚಿತವಾಗಿ, ಅದು ಗ್ರಂಥಿಯ ಜೀರ್ಣರಸಗಳ ನಾಳಕ್ಕೆ ಅಂಟಿಲ್ಲದಿದ್ದರೆ, ಹಣ್ಣಿನಿಂದ ಬೀಜವನ್ನು ಬಿಡಿಸಿದಂತೆ ಅದೊಂದನ್ನೇ ತೆಗೆದು, ಉಳಿದ ಗ್ರಂಥಿಯನ್ನು ಹಾಗೆಯೇ ಬಿಟ್ಟು ಹೊಟ್ಟೆಯನ್ನು ಹೊಲಿಯುವರು.