ಕೆಳಗೆ ಮಂಜುಗಡ್ಡೆ, ಮೇಲೆ ಒಡೆದ ಹಾಲು

ಮಕ್ಕಳೇ, ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿ ಕಂಬಂ ಕಣಿವೆ ಇದೆ. ದ್ರಾಕ್ಷಿ, ಬಾಳೆ, ತೆಂಗು ಬೆಳೆಯುವ ಹಸಿರು ಜಾಗ. ಅಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಈ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ಎಷ್ಟೋ ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. ಶಾಲೆಯಲ್ಲಿ ಓದೋದು ತಮಿಳು, ಮನೆಯಲ್ಲಿ ಆಡೋದು ಕನ್ನಡ.

ಕಳೆದ ಬೇಸಿಗೆ ರಜೆಯಲ್ಲಿ ಅಂಥ ಒಂದು ಮನೆಗೆ ಹೋಗಿದ್ದೆ. ಮನೆಯಾಕೆ ಕಾಫಿ ಕೊಡಬೇಕು ಅಂತ ಹಾಲು ಕಾಯಿಸಿದರು, ಹಾಲು ಒಡೆದುಹೋಯಿತು. "ಈ ವಾರದಲ್ಲಿ ಇದು ಮೂರನೇ ಸಲ ಸಾರ್. ಫ್ರಿಜ್ಜಲ್ಲೇ ಇಟ್ಟಿದ್ದೆ" ಎಂದು ಬೇಜಾರು ಮಾಡಿಕೊಂಡರು. ಅವರದು ಕೆಳಗೆ ಫ್ರೀಜರ್ ಇರುವ ಎರಡು ಬಾಗಿಲಿನ ಫ್ರಿಜ್ಜು. ಕೆಳಗಿನ ಬಾಗಿಲು ತೆಗೆದರೆ ಮಂಜುಗಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಾಗಾದರೆ ಫ್ರಿಜ್ಜು ಕೆಟ್ಟಿಲ್ಲವಲ್ಲ? ಮತ್ತೆ ಮೇಲಿನ ಹಾಲು ಯಾಕೆ ಒಡೀತು?

ಎಂಟನೇ ತರಗತಿಯ ಅವರ ಮಗಳು ಇನ್ನೂ ಒಳ್ಳೆಯ ಪ್ರಶ್ನೆ ಕೇಳಿದಳು: "ಸಾರ್, ತಣ್ಣನೆ ಗಾಳಿ ಕೆಳಗಿಳೀತದೆ ಅಂತ ಪಾಠದಲ್ಲಿ ಇದೆ. ಫ್ರೀಜರ್ ಕೆಳಗಿದ್ರೆ ಆ ತಂಪು ಮೇಲಕ್ಕೆ ಹೋಗೋದು ಹೇಗೆ?"

ಅವಳ ಪ್ರಶ್ನೆಯಲ್ಲೇ ಅಮ್ಮನ ಸಮಸ್ಯೆಗೆ ಉತ್ತರ ಇತ್ತು.

ತಂಪು ಎಲ್ಲಿಂದ ಬರುತ್ತದೆ?

ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತೆ ಅಂತ ನಿಮಗೆ ಗೊತ್ತು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಇದೇ ಗುಪ್ತೋಷ್ಣ.

ಫ್ರಿಜ್ಜಿನಲ್ಲೂ ನಡೆಯೋದು ಇದೇ. ನೀರಿನ ಬದಲು ಅಲ್ಲಿ ಬೇಗ ಆವಿಯಾಗುವ ಒಂದು ವಸ್ತು ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದಕ್ಕೆ ಶೀತಕ ಎಂದು ಹೆಸರು. ಈಗಿನ ಹೆಚ್ಚಿನ ಮನೆ ಫ್ರಿಜ್ಜುಗಳಲ್ಲಿ ಐಸೊಬ್ಯುಟೇನ್ ಎಂಬ ಅನಿಲ ಇರುತ್ತದೆ. ಫ್ರಿಜ್ಜಿನ ಹಿಂದೆ ಬುಡದಲ್ಲಿರುವ ಕಂಪ್ರೆಸರ್ ಈ ಅನಿಲವನ್ನು ಒತ್ತುತ್ತದೆ, ಅನಿಲ ಬಿಸಿಯಾಗುತ್ತದೆ. ಪಕ್ಕದ ಅಥವಾ ಹಿಂದಿನ ಗೋಡೆಯ ಕೊಳವೆಗಳಲ್ಲಿ ಹರಿಯುತ್ತಾ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಫ್ರಿಜ್ಜಿನ ಪಕ್ಕ ಮುಟ್ಟಿದರೆ ಬೆಚ್ಚಗಿರೋದು ಇದಕ್ಕೇ. ಆಮೇಲೆ ದ್ರವವು ಕೂದಲಿನಷ್ಟು ಸಣ್ಣ ಕೊಳವೆಯ ಮೂಲಕ ಒಳಗಿನ ಸುರುಳಿಗೆ ಹೋಗುತ್ತದೆ. ಅಲ್ಲಿ ಒತ್ತಡ ಕಡಿಮೆ. ತಕ್ಷಣ ಆವಿಯಾಗಿ, ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮತ್ತೆ ಕಂಪ್ರೆಸರಿಗೆ ವಾಪಸ್.

ಅಂದರೆ ಫ್ರಿಜ್ಜು ತಂಪನ್ನು ತಯಾರಿಸೋದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ನೀರು ತಾನಾಗಿ ಏರು ಹತ್ತುವುದಿಲ್ಲ, ಪಂಪ್‌ಸೆಟ್ ಬೇಕು. ಹಾಗೆಯೇ ಶಾಖವೂ ತಣ್ಣನೆ ಜಾಗದಿಂದ ಬಿಸಿ ಜಾಗಕ್ಕೆ ತಾನಾಗಿ ಹೋಗುವುದಿಲ್ಲ, ಕಂಪ್ರೆಸರ್ ಬೇಕು.

ಹುಡುಗಿಯ ಪ್ರಶ್ನೆಗೆ ಉತ್ತರ

0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.29 ಕಿಲೋಗ್ರಾಂ ತೂಗುತ್ತದೆ. 30 ಡಿಗ್ರಿಯಲ್ಲಿ ಸುಮಾರು 1.16 ಕಿಲೋಗ್ರಾಂ. ತಣ್ಣನೆ ಗಾಳಿಯ ಸಾಂದ್ರತೆ ಹೆಚ್ಚು, ಆದ್ದರಿಂದ ಅದು ಕೆಳಗಿಳಿಯುತ್ತದೆ. ಹಳೆಯ ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಫ್ರೀಜರ್ ಮೇಲಿರೋದು ಇದಕ್ಕೇ. ಮೇಲಿನಿಂದ ತಂಪು ಗಾಳಿ ತಾನಾಗಿ ಇಳಿಯುತ್ತದೆ, ಬೆಚ್ಚನೆ ಗಾಳಿ ಮೇಲೇರುತ್ತದೆ. ಉಷ್ಣ ಸಂವಹನ ಪುಕ್ಕಟೆ ಕೆಲಸ ಮಾಡಿಕೊಡುತ್ತದೆ.

ಫ್ರೀಜರನ್ನು ಕೆಳಗಿಟ್ಟರೆ ಈ ಪುಕ್ಕಟೆ ಸಹಾಯ ತಪ್ಪಿಹೋಗುತ್ತದೆ. ಆದರೂ ಯಾಕೆ ಕೆಳಗಿಡುತ್ತಾರೆ? ದಿನಕ್ಕೆ ಹತ್ತಾರು ಸಲ ನಾವು ತೆಗೆಯೋದು ಹಾಲು, ಮೊಸರು, ತರಕಾರಿ, ಹಿಟ್ಟು. ಅವು ಕಣ್ಣಿನ ಮಟ್ಟದಲ್ಲಿದ್ದರೆ ಪ್ರತಿ ಸಲ ಬಗ್ಗಬೇಕಾಗಿಲ್ಲ. ಮಂಡಿ ನೋವಿನ ಅಜ್ಜಿಯಂದಿರಿಗೆ ಇದು ದೊಡ್ಡ ಅನುಕೂಲ.

ಈ ಅನುಕೂಲಕ್ಕಾಗಿ ಒಳಗೆ ಒಂದು ಫ್ಯಾನ್ ಇಟ್ಟಿರುತ್ತಾರೆ. ಸಾಮಾನ್ಯವಾಗಿ ತಂಪು ಸುರುಳಿ ಇರುವುದು ಫ್ರೀಜರಿನ ಹಿಂಗೋಡೆಯ ಹಿಂದೆ. ಫ್ಯಾನ್ ಅಲ್ಲಿಯ ಗಾಳಿಯನ್ನು ಸ್ವಲ್ಪ ಫ್ರೀಜರಿಗೆ, ಸ್ವಲ್ಪ ಗೋಡೆಯೊಳಗಿನ ದಾರಿಯಿಂದ ಮೇಲಕ್ಕೆ ತಳ್ಳುತ್ತದೆ. ಮೇಲಿನ ಕೋಣೆಯ ಹಿಂಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳಿವೆ. ತಂಪು ಅಲ್ಲಿಂದ ಹೊರಬಂದು, ಇನ್ನೊಂದು ದಾರಿಯಿಂದ ಬೆಚ್ಚಗಾಗಿ ಸುರುಳಿಗೆ ವಾಪಸ್ ಬರುತ್ತದೆ.

ಈಗ ಯೋಚಿಸಿ: ಈ ದಾರಿ ಎಲ್ಲಾದರೂ ಕಟ್ಟಿಕೊಂಡರೆ? ಸುರುಳಿಯ ಪಕ್ಕದಲ್ಲೇ ಇರುವ ಫ್ರೀಜರ್ ಗಟ್ಟಿಯಾಗಿಯೇ ಇರುತ್ತದೆ. ಮೇಲಿನ ಕೋಣೆಗೆ ಮಾತ್ರ ತಂಪು ತಲುಪುವುದಿಲ್ಲ. ಕಂಬಂ ಮನೆಯಲ್ಲಿ ಆಗಿದ್ದು ಇದೇ ಇರಬೇಕು ಅನ್ನಿಸಿತು.

ಊಹೆ ಸಾಲದು, ಅಳೆಯಬೇಕು

ಮೇಷ್ಟರ ಚೀಲದಲ್ಲಿ ಥರ್ಮಾಮೀಟರ್ ಇಲ್ಲದೆ ಇರುತ್ತದೆಯೇ? ಒಂದು ಲೋಟ ನೀರಿನಲ್ಲಿ ಅದನ್ನು ನಿಲ್ಲಿಸಿ, ಮೇಲಿನ ಕೋಣೆಯ ನಡು ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟೆವು. ಬೆಳಗ್ಗೆ ನೋಡಿದರೆ 13 ಡಿಗ್ರಿ! ಅಲ್ಲಿ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಇರಬೇಕು.

5ರಿಂದ 60 ಡಿಗ್ರಿವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಕೆಲವು ಜಾತಿಯವು ಹಿತವಾದ ಬಿಸಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಬ್ಯಾಕ್ಟೀರಿಯಾ 4 ಗಂಟೆಯಲ್ಲಿ 12 ಸಲ ಇಮ್ಮಡಿಯಾದರೆ ಎಷ್ಟಾಯಿತು? ಲೆಕ್ಕ ಹಾಕಿ: 4096. ತಂಪಿನಲ್ಲಿ ಈ ವೇಗ ತುಂಬಾ ತಗ್ಗುತ್ತದೆ. ಫ್ರೀಜರಿನಲ್ಲಿ ಬೆಳವಣಿಗೆ ನಿಲ್ಲುತ್ತದೆ, ಆದರೆ ಎಲ್ಲ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಹೊರಗೆ ತೆಗೆದು ಕರಗಿದ ಮೇಲೆ ಮತ್ತೆ ಶುರು. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ. ಆದರೆ ಅದೇ ತಟ್ಟೆಯಲ್ಲಿದ್ದ ನಿನ್ನೆಯ ಸಾರು, ಅನ್ನ ಕೆಟ್ಟಿದ್ದು ವಾಸನೆಯಿಂದಲೂ ಗೊತ್ತಾಗದೇ ಇರಬಹುದು. ಹೊಟ್ಟೆಗೆ ತೊಂದರೆ ಆಗೋದು ಹಾಗೆ. ಆ ಮನೆಯಲ್ಲಿ ಮೇಲಿನ ಕೋಣೆಯಲ್ಲಿದ್ದ ಮಾಡಿದ ಅಡಿಗೆಯನ್ನೆಲ್ಲಾ ಚೆಲ್ಲಿಸಿದೆ. ಮನೆಯಾಕೆಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದರು.

ಒಂದು ಚೂರು ಕಾಗದ ಹೇಳಿದ ಸತ್ಯ

ಮೊದಲು ಮೇಲಿನ ಕಿಂಡಿಗಳನ್ನು ನೋಡಿದೆವು. ಹಿಟ್ಟಿನ ದೊಡ್ಡ ಪಾತ್ರೆ ಒಂದು ಕಿಂಡಿಗೆ ಒತ್ತಿಕೊಂಡು ಕೂತಿತ್ತು. ಅದನ್ನು ಸರಿಸಿದೆವು. ಆದರೆ ಉಳಿದ ಕಿಂಡಿಗಳ ಮುಂದೆ ಕೈ ಹಿಡಿದರೂ ಗಾಳಿ ಬರುತ್ತಿರಲಿಲ್ಲ.

ಆಮೇಲೆ ಫ್ರೀಜರ್ ಬಾಗಿಲಿಗೆ ಒಂದು ಚೂರು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದೆವು. ಬಾಗಿಲ ರಬ್ಬರು ಸರಿಯಾಗಿ ಕೂತಿದ್ದರೆ ಕಾಗದ ಬಿಗಿಯಾಗಿ ಬರಬೇಕು. ಬಲ ಮೂಲೆಯಲ್ಲಿ ಅದು ಸಲೀಸಾಗಿ ಜಾರಿಬಂತು. ಒಳಗೆ ಡ್ರಾಯರ್ ತುಂಬಿ ತುಳುಕುತ್ತಿತ್ತು. ಅದು ಪೂರ್ತಿ ಹಿಂದಕ್ಕೆ ಹೋಗದೆ ಬಾಗಿಲನ್ನು ಒಂದು ಕೂದಲೆಳೆಯಷ್ಟು ತಳ್ಳುತ್ತಿತ್ತು. ರಬ್ಬರಿನ ಮಡಿಕೆಯಲ್ಲಿ ಜಿಡ್ಡು ಬೇರೆ.

ಈಗ ಸರಪಳಿ ಪೂರ್ತಿಯಾಯಿತು. ಸಂದಿಯಿಂದ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿಯ ನೀರಾವಿ ತಂಪು ಸುರುಳಿಯ ಮೇಲೆ ಹಿಮವಾಗಿ ಕೂರುತ್ತದೆ. ಇಂಥ ಫ್ರಿಜ್ಜಿನಲ್ಲಿ ಆಗಾಗ ಒಂದು ಹೀಟರ್ ಸ್ವಲ್ಪ ಹೊತ್ತು ಬಿಸಿಯಾಗಿ ಆ ಹಿಮವನ್ನು ಕರಗಿಸುತ್ತದೆ. ನೀರು ಸಣ್ಣ ಕೊಳವೆಯಿಂದ ಹಿಂದಿನ ತಟ್ಟೆಗೆ ಇಳಿದು, ಕಂಪ್ರೆಸರಿನ ಬಿಸಿಗೆ ಆವಿಯಾಗುತ್ತದೆ. ಆದರೆ ಕರಗುವುದಕ್ಕಿಂತ ಕಟ್ಟುವುದೇ ಹೆಚ್ಚಾದರೆ? ಸುರುಳಿಯ ಸಂದಿಗಳೆಲ್ಲ ಹಿಮದಿಂದ ಮುಚ್ಚಿಹೋಗಿ ಗಾಳಿಗೆ ದಾರಿಯೇ ಇರುವುದಿಲ್ಲ. ಒಳಗಿನ ಫ್ಯಾನ್ ತಿರುಗಿದರೂ ಉಪಯೋಗವಿಲ್ಲ.

ಏನು ಮಾಡಿದೆವು?

ಮನೆಯ ಯಜಮಾನರು ಚಾಕು ತಂದರು, ಹಿಂಗೋಡೆಯ ಹಿಮ ಕೆರೆಯಲು. ಬೇಡವೇ ಬೇಡ ಎಂದೆ. ಚಾಕು ಕೊಳವೆಗೆ ತಾಗಿ ತೂತಾದರೆ ಶೀತಕ ಸೋರಿಹೋಗುತ್ತದೆ, ಫ್ರಿಜ್ಜಿಗೆ ದೊಡ್ಡ ಖರ್ಚು. ಐಸೊಬ್ಯುಟೇನ್ ಬೆಂಕಿ ಹತ್ತುವ ಅನಿಲ ಕೂಡ. ಕೆಲವು ಹತ್ತು ಗ್ರಾಂ ಮಾತ್ರ ಇರುತ್ತದೆ, ಆದರೂ ಮುಚ್ಚಿದ ಅಡುಗೆಮನೆಯಲ್ಲಿ ಕಿಡಿ ಸಿಕ್ಕರೆ ಅಪಾಯ.

ಹಾಗಾದರೆ ಇಂಥ ಅನಿಲ ಯಾಕೆ ಹಾಕುತ್ತಾರೆ? ಹಿಂದೆ ಸಿಎಫ್‌ಸಿ ಎಂಬ ಅನಿಲಗಳನ್ನು ಹಾಕುತ್ತಿದ್ದರು. ಅವು ಬೆಂಕಿ ಹತ್ತುವುದಿಲ್ಲ, ಆದರೆ ಮೇಲಿನ ಓಝೋನ್ ಪದರವನ್ನು ತಿನ್ನುತ್ತವೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತು ಅವನ್ನು ಬಿಡುತ್ತಾ ಬಂತು. ಆಮೇಲೆ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲಶಾಲಿ. ಐಸೊಬ್ಯುಟೇನಿನಿಂದ ಈ ಎರಡು ತೊಂದರೆಯೂ ಇಲ್ಲದಷ್ಟು ಕಡಿಮೆ.

ಚಾಕು ಬಿಟ್ಟು ನಾವು ಮಾಡಿದ್ದು ಇಷ್ಟೇ. ಪ್ಲಗ್ ಕಿತ್ತೆವು. ಸಾಮಾನೆಲ್ಲ ಖಾಲಿ ಮಾಡಿ, ಎರಡೂ ಬಾಗಿಲು ತೆರೆದು, ಕೆಳಗೆ ಹಳೆ ಬಟ್ಟೆ ಹಾಸಿ, ಪೂರ್ತಿ ಒಂದು ದಿನ ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ನೀರು ಹರಿಯೋಕೆ ಶುರುವಾಯಿತು. ಎರಡು ಬಟ್ಟೆ ಹಿಂಡಿ ಹಿಂಡಿ ಹುಡುಗಿಯ ಕೈ ಸೋತಿತು. ರಬ್ಬರನ್ನು ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿದೆವು. ಫ್ರೀಜರಿನಲ್ಲಿ ಬೇಕಾದಷ್ಟೇ ಸಾಮಾನು ಜೋಡಿಸಿ, ಮತ್ತೆ ಕಾಗದ ಎಳೆದು ನೋಡಿದೆವು. ಈ ಸಲ ಬಿಗಿ!

ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಕಿಂಡಿಯ ಮುಂದೆ ಕೈ ಇಟ್ಟು ಹುಡುಗಿ ಕೂಗಿದಳು, "ಗಾಳಿ ಬಂತು!" ಮರುದಿನ ಬೆಳಗ್ಗೆ ಲೋಟದ ನೀರು 5 ಡಿಗ್ರಿ. ಅಂದು ಕಾಫಿ ಸಿಕ್ಕಿತು.

ಹೊರಡುವಾಗ ಒಂದು ಮಾತು ಹೇಳಿ ಬಂದೆ: ಬಾಗಿಲು ಸರಿಯಾಗಿ ಮುಚ್ಚಿದರೂ ಕೆಲವೇ ವಾರದಲ್ಲಿ ಮತ್ತೆ ಹೀಗಾದರೆ ಹಿಮ ಕರಗಿಸುವ ಹೀಟರೋ, ಅದರ ಸೆನ್ಸರೋ ಕೆಟ್ಟಿದೆ ಎಂದರ್ಥ. ಫ್ರೀಜರಿನ ತಳದಲ್ಲಿ ಮಂಜುಗಡ್ಡೆ ಹಾಳೆಯಂತೆ ಕಟ್ಟಿದರೆ ನೀರಿಳಿಯುವ ಕೊಳವೆ ಕಟ್ಟಿದೆ. ಇವೆರಡೂ ಮೆಕ್ಯಾನಿಕ್ ಕೆಲಸ, ನಮ್ಮದಲ್ಲ.

ನಿಮ್ಮ ಮನೆಯಲ್ಲಿ ಗಮನಿಸಿ

1. ಕಿಂಡಿಗಳ ಮುಂದೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಸೌತೆಕಾಯಿ, ಸೊಪ್ಪು ಕಿಂಡಿಗೆ ತಾಗಿದ್ದರೆ ಹೆಪ್ಪುಗಟ್ಟಿ ಹಾಳಾಗುತ್ತವೆ.

2. ಫ್ರಿಜ್ಜಿನ ಹಿಂದೆ, ಪಕ್ಕದಲ್ಲಿ ಗಾಳಿಯಾಡಲಿ. ಒಲೆಯ ಪಕ್ಕ, ಬಿಸಿಲು ಬೀಳುವಲ್ಲಿ ಬೇಡ. ಹೊರಗೆ ಬಿಟ್ಟ ಶಾಖ ಹೋಗಲು ಜಾಗವಿಲ್ಲದಿದ್ದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಕರೆಂಟ್ ಬಿಲ್ ಏರುತ್ತದೆ.

3. ಕುದಿಯುವ ಸಾರನ್ನು ಹಾಗೇ ಒಳಗಿಡಬೇಡಿ. ಆರಿಸಿ, ಮುಚ್ಚಿ, ಎರಡು ಗಂಟೆಯೊಳಗೆ ಇಡಿ. ಮುಚ್ಚದ ಪಾತ್ರೆಯ ಆವಿಯೂ ಸುರುಳಿಯ ಮೇಲೆ ಹಿಮವೇ ಆಗೋದು.

4. ಎಲ್ಲವೂ ಫ್ರಿಜ್ಜಿಗೆ ಅಲ್ಲ. ದಿಂಡಿಗಲ್ಲಿನ ಸಿರುಮಲೈ ಬೆಟ್ಟದ ಬಾಳೆ ಆಗಲಿ, ನಮ್ಮ ನಂಜನಗೂಡು ರಸಬಾಳೆ ಆಗಲಿ, ಬಾಳೆಹಣ್ಣಿನ ಸಿಪ್ಪೆ ಸುಮಾರು 13 ಡಿಗ್ರಿಗಿಂತ ತಂಪಾದರೆ ಕಪ್ಪಾಗುತ್ತದೆ. ದ್ರಾಕ್ಷಿಗೆ ತಂಪು ಒಳ್ಳೆಯದು. ತೊಳೆಯದೆ ಇಡಿ, ತಿನ್ನುವಾಗ ತೊಳೆಯಿರಿ.

5. ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಸ್ವಿಚ್ ಆರಿಸಿದರೆ ಮತ್ತೆ ಹಾಕುವ ಮುಂಚೆ 5 ನಿಮಿಷ ಕಾಯಿರಿ. ಕೊಳವೆಯೊಳಗಿನ ಒತ್ತಡ ಸಮವಾಗಬೇಕು, ಇಲ್ಲದಿದ್ದರೆ ಕಂಪ್ರೆಸರಿಗೆ ಕಷ್ಟ.

6. ಒರೆಸುವ ಮುಂಚೆ ದೊಡ್ಡವರಿಗೆ ಹೇಳಿ ಪ್ಲಗ್ ತೆಗೆಸಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ.

ಮಾಡಿ ನೋಡಿ

ಒಂದು ಸಣ್ಣ ಬಟ್ಟಲಿನ ನೀರನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿ. ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಅಲ್ಲೇ ಬಿಡಿ. ಊರಿಗೆ ಹೋಗಿ ಬಂದ ಮೇಲೆ ನೋಡಿ. ನಾಣ್ಯ ಬಟ್ಟಲಿನ ತಳದಲ್ಲಿದ್ದರೆ ನೀವಿಲ್ಲದಾಗ ಕರೆಂಟ್ ಬಹಳ ಹೊತ್ತು ಹೋಗಿತ್ತು, ಮಂಜುಗಡ್ಡೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆಗ ಫ್ರೀಜರಿನ ಆಹಾರ ತಿನ್ನಬೇಡಿ.

ಲೋಟದ ನೀರಿನ ಪ್ರಯೋಗವನ್ನೂ ಮಾಡಿ. ಶಾಲೆಯ ಥರ್ಮಾಮೀಟರನ್ನು ಮೇಷ್ಟರ ಅನುಮತಿ ಪಡೆದೇ ತನ್ನಿ. ಅದು ಸಾಮಾನ್ಯವಾಗಿ ಮೈನಸ್ 10 ಡಿಗ್ರಿವರೆಗೆ ಮಾತ್ರ ತೋರಿಸುತ್ತದೆ, ಆದ್ದರಿಂದ ಫ್ರೀಜರಿನಲ್ಲಿ ಇಡಬೇಡಿ. ಮೇಲಿನ ತಟ್ಟೆ, ನಡು ತಟ್ಟೆ, ಬಾಗಿಲಿನ ಗೂಡು, ಈ ಮೂರು ಕಡೆ ಒಂದೊಂದು ರಾತ್ರಿ ಇಟ್ಟು ಬರೆದುಕೊಳ್ಳಿ. ಎಲ್ಲಿ ಹೆಚ್ಚು ಬೆಚ್ಚಗಿದೆ? ನಿಮ್ಮ ಮನೆಯ ಹಾಲು ಈಗ ಎಲ್ಲಿದೆ? ಅದನ್ನು ಎಲ್ಲಿಡಬೇಕು ಅಂತ ಅಮ್ಮನಿಗೆ ನೀವೇ ಹೇಳಿ, ಅಂಕಿ ತೋರಿಸಿ ಹೇಳಿ.